ಎಡಗಣ್ಣಿನ ಚೌಕ

ಎಂಟು ಚುಕ್ಕಿ ಅಡ್ಡ, ಎಂಟು ಚುಕ್ಕಿ ಉದ್ದ.
ಅಪ್ಪನ ಕಣ್ಣಿಗೆ ಸಿಕ್ಕಿದ್ದು ಅಷ್ಟೇ ಜಾಗ.

ಒಸಾಕಾದ ಒಂದು ಮೂರನೇ ಮಹಡಿ. ಕೆಳಗೆ ಆಕ್ಟೋಪಸ್ ಉಂಡೆ ಬೇಯಿಸುವ ಹೊಗೆ,
ಮೇಲೆ ನಾವು ಐವರು, ಒಂದೇ ಫ್ಯಾನು.
ಬೇಸಿಗೆ ಮುಗಿಯುವುದರೊಳಗೆ ಬಾಕ್ಸಿಂಗ್ ಆಟ ಮುಗಿಯಬೇಕು.
ನನ್ನ ಪಾಲಿಗೆ ಬಂದದ್ದು ಮುಖಗಳು.
ಮುಖವೊಂದಕ್ಕೆ ಮೂರು ಬಣ್ಣ.
ನಾಲ್ಕನೆಯದು ಬಣ್ಣವಲ್ಲ,
ಹಿಂದಿರುವುದು ಕಾಣಲೆಂದು ಬಿಟ್ಟ ತೂತು.

ಮೊದಲ ಎದುರಾಳಿ ಬೇಕರಿಯವನು, ಹೊಡೆದರೆ ಹಿಟ್ಟು ಹಾರುತ್ತದೆ.
ಎರಡನೆಯವನು ನಾವಿಕ, ನಿಂತಲ್ಲೇ ತೂಗುತ್ತಾನೆ.
ಮೂರನೆಯವನಿಗೆ ಏನೂ ತೋಚದೆ
ರಾತ್ರಿ ಹನ್ನೊಂದಕ್ಕೆ ಗ್ರಾಫ್ ಹಾಳೆಯ ಮೇಲೆ
ಅಪ್ಪನನ್ನು ನಿಲ್ಲಿಸಿದೆ.

ಕುರಾಹಾಶಿ ತೈಜೋ. ಹಗುರ ತೂಕ.
ಇಪ್ಪತ್ತೆರಡು ಪಂದ್ಯ, ಹದಿಮೂರು ಸೋಲು.
ಏಳು ವರ್ಷಕ್ಕೇ ನನಗೆ ಗೊತ್ತಿತ್ತು,
ಎಡಗೈ ಬೀಸುವ ಮುನ್ನ ಅವನ ಎಡಗಣ್ಣು ಮಿಟುಕುತ್ತದೆ,
ಹಲ್ಲಿ ಒಮ್ಮೆ ಲೊಚಗುಟ್ಟಿದಷ್ಟು ಹೊತ್ತು.
ಎದುರಿನವನಿಗೆ ಅದು ಎರಡನೇ ಸುತ್ತಿಗೆ ಗೊತ್ತಾಗುತ್ತಿತ್ತು.
ಮೂರನೆಯದಕ್ಕೆ ಅಪ್ಪ ನೆಲದ ಮೇಲೆ.

ಹೇಳಲಿಲ್ಲ ನಾನು.
ಮನೆಯಲ್ಲಿ ಸೋಲಿನ ಮಾತೆತ್ತುವಂತಿರಲಿಲ್ಲ, ಅದಕ್ಕೋ,
ಆ ಮಿಟುಕು ನನ್ನೊಬ್ಬಳಿಗೇ ಎಂದು ನಂಬಿದ್ದೆನೋ.
ಏಳು ವರ್ಷದವಳನ್ನು ಈಗ ಯಾರು ಕೇಳುವುದು?

“ಮಿಟುಕಿಗೆ ಇನ್ನೊಂದು ಚೌಕ ಬೇಕು” ಅಂದೆ.
ಪ್ರೋಗ್ರಾಂ ಬರೆಯುವ ನಾಗಾತೊಮೊ ತಲೆಯೆತ್ತದೆ,
“ಎಳ್ಳು ಹಾಕಿದರೂ ಕೆಳಗೆ ಬೀಳುವಂತಿಲ್ಲ.
ಬೇಕಾದರೆ ಯಾರನ್ನಾದರೂ ಎಬ್ಬಿಸು.”

ನಮ್ಮ ಪ್ರೇಕ್ಷಕರಲ್ಲಿ ಇದ್ದದ್ದು ಆರೇ ಮುಖ.
ಅವೇ ಮತ್ತೆ ಮತ್ತೆ ಕೂತು ಸಾವಿರವಾಗಿದ್ದವು.
ಆರನೆಯದು ಅಮ್ಮ.
ಅಪ್ಪನ ಒಂದು ಪಂದ್ಯವನ್ನೂ ನೋಡದವಳು,
ಬಾಗಿಲ ಹೊರಗೆ ಅವನ ಕೋಟು ಹಿಡಿದು ನಿಂತು
ಗದ್ದಲದ ಮೇಲೇ ಅಳೆಯುತ್ತಿದ್ದಳು,
ಐಸು ತರಬೇಕೋ ಬಿಯರು ತರಬೇಕೋ ಎಂದು.
ಇಲ್ಲಾದರೂ ಒಳಗೆ ಬರಲಿ ಎಂದು ಕೂರಿಸಿದ್ದೆ.
ಎಬ್ಬಿಸಿದೆ.
ಅಕ್ಕಪಕ್ಕದವರಿಗೆ ತಲೆಬಾಗಿಯೇ ಎದ್ದಿರುತ್ತಾಳೆ.

ಆಟ ಅಂಗಡಿಗೆ ಬಂತು. ವಾರದೊಳಗೆ
ಹುಡುಗರಿಗೆ ಗುಟ್ಟು ರಟ್ಟು: ಮೂರನೆಯವನು ಸುಲಭ.
ಕಣ್ಣು ನೋಡು, ಬಗ್ಗು, ಹೊಟ್ಟೆಗೆ ಎರಡು.
ನಾಲ್ಕು ವರ್ಷಕ್ಕೆ ಅಂಗೈ ಯಂತ್ರಕ್ಕೂ ಇಳಿಯಿತು,
ಪಾಚಿ ನೀರಿನ ಬಣ್ಣದ ಪರದೆ, ನಾಲ್ಕು ಬ್ಯಾಟರಿ.
ರೈಲಿನಲ್ಲಿ ಎದುರು ಕೂತವನ ಹೆಬ್ಬೆರಳು ನೋಡಿಯೇ
ಈಗ ಬಿದ್ದ ಅಪ್ಪ, ಎಂದು ಹೇಳಬಲ್ಲವಳಾದೆ.

ಈಗ ವಾರಕ್ಕೆ ಮೂರು ದಿನ, ನಾಲ್ಕು ನಾಲ್ಕು ಗಂಟೆ
ಅಮಾಗಾಸಾಕಿಯ ಆಸ್ಪತ್ರೆಯಲ್ಲಿ ಅಪ್ಪನ ರಕ್ತ ತೊಳೆಯುತ್ತಾರೆ.
ಎಡಗೈಗೆ ಎರಡು ಕೊಳವೆ, ಅಲುಗಿಸುವಂತಿಲ್ಲ.
ಹೊತ್ತು ಹೋಗಲೆಂದು ಹಳೆಯ ಯಂತ್ರ ಒಯ್ದೆ.
ಬಲಗಡೆಯ ಗುಂಡಿ ಅವನದು, ಹೊಡೆತ.
ಎಡಗಡೆಯದು ನನ್ನದು, ತಪ್ಪಿಸಿಕೊಳ್ಳುವುದು.
ಮಡಿಲಲ್ಲಿ ಅವನ ಕೋಟು.

ಬೇಕರಿಯವನು ಬಿದ್ದ. ನಾವಿಕನಿಗೆ ಸ್ವಲ್ಪ ತಡವಾಯಿತು.
ಮೂರನೆಯವನು ಕಣ್ಣು ಮಿಟುಕಿಸಿದ.
ಬಗ್ಗಿಸಿದೆ. ಅಪ್ಪ ಹೊಡೆಯಲೇ ಇಲ್ಲ.
“ಇದನ್ನು ಯಾರು ಹೇಳಿದರು ನಿನಗೆ?”
“ನೋಡಿದ್ದೆ.”
ಪಂಪು ತಿರುಗುತ್ತಿತ್ತು.
“ಒಕಾಯಾಮಾದ ಆ ಗಿಡ್ಡನಿಗೂ ಗೊತ್ತಿತ್ತಾ?”
“ಎಲ್ಲರಿಗೂ ಗೊತ್ತಿತ್ತು ಅಪ್ಪ.”

ನಕ್ಕನೋ ಕೆಮ್ಮಿದನೋ, ನರ್ಸು ತಿರುಗಿ ನೋಡಿದಳು.
ಪರದೆಯಲ್ಲಿ ಮತ್ತೆ ಮಿಟುಕು. ನನ್ನ ಹೆಬ್ಬೆರಳು ಹೊರಟಿತ್ತು.
“ಬಿಡು” ಅಂದ, “ತಾಗಲಿ.”

ತಾಗಿತು. ಪರದೆ ಒಮ್ಮೆ ಅದುರಿತು.
ರೆಫರಿ ಬಂದು ಎಣಿಸತೊಡಗಿದ.
ಹತ್ತರವರೆಗೂ ಇಬ್ಬರೂ
ಯಾವ ಗುಂಡಿಯನ್ನೂ ಒತ್ತಲಿಲ್ಲ.